ನಾಟಕದ ವಿವಾಹವೂ ಚಲಚ್ಚಿತ್ರದ ವಿವಾಹವೂ

ರಂಗಸ್ಥಳದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದ ಸಂಗತಿಗಳು ಇವೆಂದು ನಮ್ಮ ಲಾಕ್ಷಣಿಕರು ಒಂದು ಪಟ್ಟಿಯನ್ನು ಕೊಟ್ಟಿರುವರು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ 'ಸಾಹಿತ್ಯದರ್ಪಣ'ದ ಆರನೆಯ ಪರಿಚ್ಛೇದದಲ್ಲಿ ಎಣಿಸುವ ಇಂಥ ಸಂಗತಿಗಳೊಳಗೆ ವಧ, ಯುದ್ಧ, ರಾಜ್ಯವಿಪ್ಲವ, ಭೋಜನ, ಶಾಪ, ಮರಣ ಇವುಗಳ ಜೊತೆಗೆ ವಿವಾಹವೂ ಸೇರಿದೆ. ಕೊಲೆಯನ್ನೂ ಸಾವನ್ನೂ ಮರೆಮಾಡಬೇಕೆಂದರೆ ಯಾರಿಗೂ ಆಶ್ಚರ್ಯವಾಗದು. ಆದರೆ ಬಂಧುಬಾಂಧವರನ್ನೆಲ್ಲ ಕರೆದು, ವಾಲಗವನ್ನೂದಿಸಿ, ಹತ್ತು ಜನರ ಕಣ್ಣೆದುರಿಗೆ ನಡೆಸತಕ್ಕ ಮಂಗಳಕಾರ್ಯವನ್ನು ಕೊಲೆ ಶಾಪಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿ ಯವನಿಕೆಯ ಹಿಂದಕ್ಕೆ ಕಳುಹಿದುದೇಕೆ? ಲಾಕ್ಷಣಿಕನು ಕಾರಣವನ್ನು ಬಿಡಿಸಿ ಹೇಳಲಿಲ್ಲ. ಲಕ್ಷ್ಯಗಳನ್ನು ನೋಡಿಯೇ ಲಕ್ಷಣವು ಹುಟ್ಟುವುದಾದುದರಿಂದ, ಅವನಿಗಿಂತ ಎಷ್ಟೋ ಶತಮಾನ ಹಿಂದಿನ ಕವಿಗಳು ಹೇಗೆ ನಡೆದುಕೊಂಡರೆಂಬುದನ್ನು ನೋಡಿದರೆ ಕಾರಣವು ತಾನಾಗಿಯೇ ಹೊಳೆಯುವುದು. ಹಾಗೆ ಹೊಳೆದ ಕಾರಣವು ಇಂದಿನ ಚಲಚ್ಚಿತ್ರಗಳನ್ನು ಅಳೆಯುವುದಕ್ಕೂ ಉಪಯೋಗವಾಗುವುದು. ಹಳೆಯ ಶೃಂಗಾರನಾಟಕಗಳನ್ನು ಚಿತ್ರಪಟಕ್ಕೆ ಇಳಿಸುವವರು ನಾಟಕಕಾರನು ಮರೆಯಲ್ಲಿಟ್ಟ ಮದುವೆಯನ್ನು ಬೆಳಕಿಗೆ ತರುವುದು ವಾಡಿಕೆಯೇ ಆಗಿಹೋಗಿದೆ. ಅದರಿಂದ ಕೃತಿಗೆ ಲಾಭವಾಯಿತೆ, ನಷ್ಟವಾಯಿತೆ ಎಂಬುದೇ ಇಲ್ಲಿಯ ವಿಚಾರ.

ಮೊದಲು 'ಅಭಿಜ್ಞಾನಶಾಕುಂತಲ'ವನ್ನು ನೆನೆಯಬೇಕು. ಮೂರನೆಯ ಅಂಕದಲ್ಲಿ ದುಷ್ಯಂತನೂ ಶಕುಂತಲೆಯೂ ಲತಾಮಂಟಪದಲ್ಲಿ ಸಂಧಿಸುವರು. ಗಾಂಧರ್ವವಿಧಿಯಿಂದ ವಿವಾಹವಾದ ರಾಜರ್ಷಿಕನ್ಯೆಯರು ಎಷ್ಟೋ ಮಂದಿ ಉಂಟೆಂದೂ, ಅವರನ್ನು ತಂದೆಯರು ಅಭಿನಂದಿಸಿದರೆಂದೂ ಅರಸನು ಹೇಳುವನು. ಅಷ್ಟರಲ್ಲಿ ಗೌತಮಿಯು ಬರುವಳು, ಅಂಕವು ಮುಗಿಯುವುದು. ನಾಲ್ಕನೆಯ ಅಂಕದ ವಿಷ್ಕಂಭದಲ್ಲಿ ಹೂವನ್ನು ಕೊಯ್ಯುತ್ತಿರುವ ಅನಸೂಯೆಯ ಮಾತಿನಿಂದ, ಗೆಳತಿಯ ಮದುವೆಯು ಗಾಂಧರ್ವವಿಧಿಯಿಂದ ಆಗಿಯೇ ಹೋಯಿತೆಂದೂ, ಅರಸನು ರಾಜಧಾನಿಗೆ ಹಿಂದಿರುಗಿದನೆಂದೂ ನಮಗೆ ತಿಳಿಯುವುದು. ಏಳು ಅಂಕಗಳ ನಾಟಕಕ್ಕೆ ಆಧಾರವಾದ ವಿವಾಹವು ಎರಡು ಅಂಕಗಳ ನಡುವಣ ಬಿರುಕಿನಲ್ಲಿ ಕಳೆದುಹೋಯಿತು! ಅದಕ್ಕೆ ಸಾಕ್ಷಿಗಳಿಲ್ಲ, ಅಗ್ನಿಯಿಲ್ಲ, ಧಾರೆಯೆರೆಯುವ ತಂದೆಯಿಲ್ಲ. ಪ್ರೇಕ್ಷಕನೂ ಅದನ್ನು ಕಾಣಲಿಲ್ಲ.

ಕಾಳಿದಾಸನು ಇದನ್ನು ನಾಚಿಕೆಯಿಂದಾಗಲಿ ಶಾಸ್ತ್ರಭೀತಿಯಿಂದಾಗಲಿ ಮಾಡಿದನೆಂದು ಹೇಳುವಂತಿಲ್ಲ. ಐದನೆಯ ಅಂಕವನ್ನು ಓದಿದರೆ ಅವನ ಉದ್ದೇಶವು ಸ್ಪಷ್ಟವಾಗುವುದು. ಗರ್ಭಿಣಿಯಾದ ಶಕುಂತಲೆಯು ರಾಜಸಭೆಯಲ್ಲಿ ನಿಂತಿರುವಳು. ಶಾಪಗ್ರಸ್ತನಾದ ಅರಸನು ಅವಳನ್ನು ಅರಿಯೆನೆನ್ನುವನು. ಅವಳ ಪಕ್ಷದಲ್ಲಿ ನುಡಿಯಬಲ್ಲ ಸಾಕ್ಷಿಯು ಯಾರು? ಶಾರ್ಙ್ಗರವ, ಶಾರದ್ವತ, ಗೌತಮಿ ಇವರಲ್ಲಿ ಯಾರೂ ಮದುವೆಯನ್ನು ಕಂಡವರಲ್ಲ. ವಿಷಯವನ್ನು ಬಲ್ಲ ಸಖಿಯರಿಬ್ಬರನ್ನು ಕವಿಯು, ಅವರಿನ್ನೂ ಮದುವೆಯಾಗಬೇಕಾದವರೆಂಬ ಕಾರಣವನ್ನು ಕಣ್ವನ ಬಾಯಿಂದ ಹೇಳಿಸಿ, ಆಶ್ರಮದಲ್ಲಿಯೇ ನಿಲ್ಲಿಸಿಬಿಟ್ಟಿರುವನು. ಉಂಗುರವು ಶಚೀತೀರ್ಥದ ನೀರಿನಲ್ಲಿ ಬಿದ್ದುಹೋಗಿದೆ. ಉಳಿದುದು ಒಬ್ಬ ಹೆಣ್ಣುಮಗಳ ಮಾತು ಮಾತ್ರ. ಅದನ್ನು ಸಭೆಯು ನಂಬದು. ಶಾರ್ಙ್ಗರವನೂ ಕೂಡ ಏಕಾಂತದ ಸ್ನೇಹವನ್ನು ಪರೀಕ್ಷಿಸದೆ ಮಾಡಬಾರದೆಂದು ಅವಳನ್ನೇ ಗದರಿಸುವನು. ಮದುವೆಯು ಮರೆಯಲ್ಲಿ ನಡೆಯಿತೆಂಬುದರ ಪೂರ್ಣವಾದ ಬೆಲೆಯನ್ನು ಶಕುಂತಲೆಯು ಇಲ್ಲಿ ತೆರುತ್ತಾಳೆ. ಅಗ್ನಿಸಾಕ್ಷಿಯಾದ ವಿವಾಹವು ಹಿಂದಿರುಗುವಂಥದಲ್ಲವಾದುದರಿಂದ ಗಾಂಧರ್ವದಲ್ಲಿಯೂ ಶ್ರೋತ್ರಿಯನ ಮನೆಯಿಂದ ಅಗ್ನಿಯನ್ನು ತರಿಸಿ ಪ್ರದಕ್ಷಿಣೆ ಮಾಡಬೇಕೆಂದು ವಾತ್ಸ್ಯಾಯನನು ಹೇಳುವ ಎಚ್ಚರಿಕೆಯು ಎಷ್ಟು ಲೋಕಜ್ಞತೆಯಿಂದ ಕೂಡಿದುದೆಂಬುದು ಇಂಥಲ್ಲಿ ತಿಳಿಯುವುದು.

ಹಾಗಾದರೆ ಮದುವೆಯ ಶೋಭೆಯನ್ನು ಕವಿಯು ಪೂರ್ತಿಯಾಗಿ ಬಿಟ್ಟನೆ? ಬಿಡಲಿಲ್ಲ, ಸ್ಥಳವನ್ನು ಬದಲಿಸಿದನು. ರೇಷ್ಮೆಯ ವಸ್ತ್ರ, ಆಭರಣ, ಅಲತಿಗೆಯ ರಸ, ಹಿರಿಯರ ಹರಕೆ, ತಂದೆಯ ಬುದ್ಧಿವಾದ, ಸಖಿಯರ ಕಣ್ಣೀರು — ಹಸೆಮಣೆಯ ಸುತ್ತ ಇರಬೇಕಾದುದೆಲ್ಲವೂ ನಾಲ್ಕನೆಯ ಅಂಕದ ಬೀಳ್ಕೊಡುಗೆಯಲ್ಲಿ ನೆರೆದಿವೆ. ವನದೇವತೆಗಳು ಮರಗಳ ಮೂಲಕ ಉಡುಗೊರೆಯನ್ನು ಕೊಡುವರು. ಅವಳು ಸಾಕಿದ ಜಿಂಕೆಯ ಮರಿಯು ಸೆರಗನ್ನು ಹಿಡಿದೆಳೆಯುವುದು. ವರನಿಲ್ಲದ ಈ ದೃಶ್ಯವೇ ನಿಜವಾದ ವಿವಾಹದೃಶ್ಯವೆಂದರೂ ತಪ್ಪಾಗದು. ಭಾಸನ 'ಸ್ವಪ್ನವಾಸವದತ್ತ'ದಲ್ಲಿಯೂ ಉದಯನ ಪದ್ಮಾವತಿಯರ ಲಗ್ನವು ಕಣ್ಣಿಗೆ ಬೀಳದು. ಆ ಲಗ್ನಕ್ಕೆ ಬೇಕಾದ ಮಾಲೆಯನ್ನು ವೇಷಮರೆಸಿಕೊಂಡ ಮೊದಲನೆಯ ಹೆಂಡತಿಯಾದ ವಾಸವದತ್ತೆಯೇ ಕಟ್ಟುತ್ತ ಕುಳಿತಿರುವುದು ಮೂರನೆಯ ಅಂಕದಲ್ಲಿ ಕಾಣುವುದು. ಸುಮಂಗಲಿತನವನ್ನು ಕಾಯುವ ಮೂಲಿಕೆಯನ್ನು ಅವಳು ಮಾಲೆಯಲ್ಲಿ ಸೇರಿಸುವಳು. ಸವತಿಯನ್ನು ತುಳಿಯುವ ಮೂಲಿಕೆಯನ್ನು ಬೇಡವೆಂದು ಬದಿಗಿಡುವಳು. ಒಳಗೆ ನಡೆಯುತ್ತಿರುವ ಉತ್ಸವವು ಈ ಒಂದು ಕೈಗೆಲಸದ ಮೂಲಕ ಪ್ರೇಕ್ಷಕನ ಎದೆಗೆ ಎಷ್ಟು ಮುಟ್ಟುವುದೋ ಅಷ್ಟು ನೂರು ಮಂಟಪಗಳನ್ನು ಕಟ್ಟಿ ತೋರಿಸಿದರೂ ಮುಟ್ಟದು.

ನಮ್ಮ ಶಾಸ್ತ್ರದ ಗಂಧವೂ ಇಲ್ಲದ ಷೇಕ್ಸ್‌ಪಿಯರ್ ಮಹಾಕವಿಯೂ ಇದೇ ದಾರಿಯನ್ನು ಹಿಡಿದಿರುವನೆಂಬುದು ವಿಸ್ಮಯಕರವಾಗಿದೆ. 'ರೋಮಿಯೋ ಮತ್ತು ಜೂಲಿಯೆಟ್' ನಾಟಕದ ಎರಡನೆಯ ಅಂಕದ ಆರನೆಯ ದೃಶ್ಯದಲ್ಲಿ ಪ್ರಣಯಿಗಳಿಬ್ಬರೂ ಸಂನ್ಯಾಸಿಯಾದ ಲಾರೆನ್ಸನ ಕುಟೀರಕ್ಕೆ ಬರುವರು. ಧರ್ಮವು ಇಬ್ಬರನ್ನು ಒಂದಾಗಿಸುವ ತನಕ ನಿಮ್ಮನ್ನು ಒಂಟಿಯಾಗಿ ಬಿಡಲಾರೆನೆಂದು ಹೇಳಿ ಆತನು ಅವರನ್ನು ಒಳಕ್ಕೆ ಕರೆದೊಯ್ಯುವನು. ದೃಶ್ಯವು ಅಲ್ಲಿಗೇ ಮುಗಿಯಿತು. ಮುಂದಿನ ದೃಶ್ಯದಲ್ಲಿ ಬೀದಿ, ಬಿಸಿಲು, ಕತ್ತಿ. ಮರ್ಕ್ಯೂಷಿಯೋ ಸಾಯುವನು, ಟಿಬಾಲ್ಟನು ಸಾಯುವನು, ಹೊಸ ಮದುವಣಿಗನು ದೇಶಭ್ರಷ್ಟನಾಗುವನು. ವಿವಾಹಕ್ಕೂ ಕೊಲೆಗೂ ನಡುವೆ ಪ್ರೇಕ್ಷಕನಿಗೆ ಉಸಿರಾಡಲು ಸಮಯವಿಲ್ಲ.

ಇನ್ನೂ ಒಂದು ವಿಶೇಷವುಂಟು. ಈ ನಾಟಕದಲ್ಲಿ ಮದುವೆಯ ಸಂಭ್ರಮವು ರಂಗದ ಮೇಲೆ ಧಾರಾಳವಾಗಿಯೇ ಇದೆ. ಆದರೆ ಅದು ನಡೆದ ಮದುವೆಯದಲ್ಲ, ನಡೆಯದ ಮದುವೆಯದು. ಜೂಲಿಯೆಟ್ಟಳನ್ನು ಪ್ಯಾರಿಸ್ ಎಂಬ ಶ್ರೀಮಂತನಿಗೆ ಕೊಡಲು ಅವಳ ತಂದೆಯು ಗೊತ್ತುಮಾಡಿದ ದಿನ, ನಾಲ್ಕನೆಯ ಅಂಕದಲ್ಲಿ, ಮನೆಯೊಳಗೆಲ್ಲ ಗಡಿಬಿಡಿ. ಅಡಿಗೆಯವರಿಗೆ ಸಂಬಾರಬೇಕು, ಹಣ್ಣು ಬೇಕು, ಒಲೆಗೆ ಸೌದೆ ಬೇಕು. ಮುದುಕನಾದ ಯಜಮಾನನು ರಾತ್ರಿಯೆಲ್ಲ ನಿದ್ದೆಗೆಟ್ಟು ಓಡಾಡುವನು. ವಾದ್ಯಗಾರರು ಬಂದು ನಿಲ್ಲುವರು. ಮಹಡಿಯ ಮೇಲೆ ಮದುವಣಗಿತ್ತಿಯು ಹೆಣದಂತೆ ಬಿದ್ದಿರುವಳು. ಮದುವೆಗೆಂದು ತಂದ ಹೂವು ಶವಕ್ಕೆ ಸಂದಿತೆಂದು ತಂದೆಯು ಗೋಳಿಡುವನು. ನಿಜವಾದ ವಿವಾಹಕ್ಕೆ ಒಂದು ಹೂವೂ ಇಲ್ಲ. ಸುಳ್ಳು ವಿವಾಹಕ್ಕೆ ಸಕಲ ಸಂಭಾರ! ಕವಿಯು ಕೂಡಿಟ್ಟಿರುವ ಈ ವೈಷಮ್ಯವು ಉಳಿಯಬೇಕಾದರೆ ಮೊದಲಿನ ಮದುವೆಯು ಬರಿದಾಗಿಯೇ ಇರಬೇಕು.

ಸಾಕ್ಷಿಯ ಪ್ರಶ್ನೆಯನ್ನೂ ಷೇಕ್ಸ್‌ಪಿಯರನು ಬಲ್ಲನು. 'ಹನ್ನೆರಡನೆಯ ರಾತ್ರಿ'ಯ ಕೊನೆಯ ಅಂಕದಲ್ಲಿ ಒಲಿವಿಯಾ ಎಂಬ ಕುಲೀನೆಯು ತನ್ನ ಪತಿಯೆಂದು ತಿಳಿದು ಒಬ್ಬನನ್ನು ಕರೆಯುವಳು. ಅವನೋ ನಾನು ನಿನ್ನ ಗಂಡನಲ್ಲವೆನ್ನುವನು. ವಾಸ್ತವವಾಗಿ ಅವನು ಪುರುಷವೇಷದ ವಯೋಲಾ. ಒಲಿವಿಯಾಳ ಕೈಹಿಡಿದವನು ಅವಳ ಅಣ್ಣನಾದ, ಅವಳನ್ನೇ ಹೋಲುವ ಸೆಬಾಸ್ಟಿಯನ್. ಹಸ್ತಿನಾಪುರದ ಸಭೆಯೇ ಇಲ್ಲಿ ಪ್ರಹಸನದ ವೇಷವನ್ನು ಧರಿಸಿ ಬಂದಂತಿದೆ. ಭೇದವು ಒಂದೇ: ಒಲಿವಿಯಾ ಒಡನೆಯೇ ಪುರೋಹಿತನನ್ನು ಕರೆಸುವಳು, ಕೈಗೆ ಕೈ ಸೇರಿದುದನ್ನೂ ಉಂಗುರಗಳು ಬದಲಾದುದನ್ನೂ ಆತನು ಸಭೆಯಲ್ಲಿ ಹೇಳುವನು. ಶಕುಂತಲೆಗೆ ಇಲ್ಲದ ಸಾಕ್ಷಿಯು ಒಲಿವಿಯಾಳಿಗೆ ಇದ್ದುದರಿಂದ ಒಂದು ಕಡೆ ಕಣ್ಣೀರು, ಇನ್ನೊಂದು ಕಡೆ ನಗೆ. ಎರಡು ಕಡೆಯಲ್ಲಿಯೂ ವಿವಾಹವು ನಡೆದುದು ಮಾತ್ರ ಮರೆಯಲ್ಲಿಯೇ.

ಇಷ್ಟರಿಂದ ಕಾರಣವು ತೋರಿಬರುವುದು. ಎರಡು ಹೃದಯಗಳು ಒಂದಾಗುವುದು ನಾಟಕದ ವಿಷಯ. ಆ ಒಂದಾಗುವಿಕೆಯನ್ನು ಲೋಕವು ಒಪ್ಪುವುದು ವಿವಾಹವಿಧಿಯ ವಿಷಯ. ವಿಧಿಯು ತಾನೇ ಒಂದು ಪ್ರದರ್ಶನ. ಅದಕ್ಕೆ ಅದರದೇ ಆದ ವೇಷ, ಮಾತು, ಸಂಗೀತ, ಪ್ರೇಕ್ಷಕರು ಉಂಟು. ಅದನ್ನು ರಂಗದ ಮೇಲೆ ತಂದೊಡನೆ ನಾಟಕದ ಪ್ರೇಕ್ಷಕನು ಮದುವೆಗೆ ಬಂದ ನಂಟನಾಗುವನು. ಸೀರೆಯ ಅಂಚು, ಒಡವೆಯ ತೂಕ, ಮಂಟಪದ ಅಲಂಕಾರ ಇವುಗಳ ಮೇಲೆ ಅವನ ಕಣ್ಣು ಹರಿಯುವುದು. ಅದೂ ಅಲ್ಲದೆ, ಲೋಕದ ಒಪ್ಪಿಗೆಯೇ ಇಲ್ಲದ ಪ್ರಣಯದ ಕಥೆಯಲ್ಲಿ ಪ್ರೇಕ್ಷಕಸಮೂಹವೇ ಕುಳಿತು ಅಕ್ಷತೆ ಹಾಕಿದರೆ, ಆ ದಂಪತಿಗಳ ಒಂಟಿತನವೂ ಅದರಿಂದ ಮುಂದೆ ಒದಗಬೇಕಾದ ಆಪತ್ತೂ ತಮ್ಮ ತೀಕ್ಷ್ಣತೆಯನ್ನು ಕಳೆದುಕೊಳ್ಳುವುವು.

ಚಲಚ್ಚಿತ್ರದ ಸ್ಥಿತಿಯು ಬೇರೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಾಟಕವು ಕಿವಿಯ ಕಲೆ, ಚಿತ್ರವು ಕಣ್ಣಿನ ಕಲೆ. ನಾಟಕದಲ್ಲಿ ಹೇಳಿ ಮುಗಿಸಿದುದನ್ನು ಚಿತ್ರದಲ್ಲಿ ತೋರಿಸದೆ ಗತಿಯಿಲ್ಲ ಎಂಬ ವಾದವು ನಿರಾಧಾರವಾದುದಲ್ಲ. ಆದುದರಿಂದ ತೋರಿಸಿದರೆಂಬುದೇ ದೋಷವೆನ್ನಲಾಗದು. ತೋರಿಸಿದ ಮೇಲೆ ಆ ದಂಪತಿಗಳ ಏಕಾಂತವು ಉಳಿಯಿತೆ ಎಂಬುದನ್ನು ಕೇಳಬೇಕು. ಈ ಒರೆಗಲ್ಲಿನ ಮೇಲೆ ಕೆಲವು ಪ್ರಸಿದ್ಧವಾದ ಚಿತ್ರಗಳನ್ನು ಉಜ್ಜಿ ನೋಡಬಹುದು.

ಇಟಲಿಯ ಫ್ರಾಂಕೊ ಜೆಫಿರೆಲ್ಲಿಯು ೧೯೬೮ರಲ್ಲಿ ತೆಗೆದ 'ರೋಮಿಯೋ ಮತ್ತು ಜೂಲಿಯೆಟ್' ಇವುಗಳಲ್ಲಿ ಮೊದಲು ನೆನಪಿಗೆ ಬರುವುದು. ೧೯೩೬ರಲ್ಲಿ ಜಾರ್ಜ್ ಕ್ಯೂಕರನು ತೆಗೆದ ಚಿತ್ರದಲ್ಲಿ ನಲವತ್ತು ದಾಟಿದ ಲೆಸ್ಲಿ ಹೊವರ್ಡನು ರೋಮಿಯೋ ಆಗಿದ್ದನು. ಜೆಫಿರೆಲ್ಲಿಯು ಲಿಯೊನಾರ್ಡ್ ವೈಟಿಂಗ್, ಒಲಿವಿಯಾ ಹಸ್ಸಿ ಎಂಬ ಹದಿಹರೆಯದವರನ್ನೇ ಆರಿಸಿದನು. ಈ ಆಯ್ಕೆಯ ಫಲವು ವಿವಾಹದೃಶ್ಯದಲ್ಲಿ ಕಾಣುವುದು. ದೇವಾಲಯವು ಬರಿದಾಗಿದೆ, ನಂಟರಿಲ್ಲ, ವಾದ್ಯವಿಲ್ಲ. ಹುಡುಗನೂ ಹುಡುಗಿಯೂ ಒಬ್ಬರನ್ನೊಬ್ಬರು ಕಂಡೊಡನೆ ಓಡಿಬಂದು ಅಪ್ಪುವರು. ಸಂನ್ಯಾಸಿಯು ಮಕ್ಕಳನ್ನು ಬಿಡಿಸುವಂತೆ ಅವರನ್ನು ಬಿಡಿಸಿ ನಿಲ್ಲಿಸಬೇಕಾಗುವುದು. ಕೊನೆಗೆ ಇಬ್ಬರೂ ವೇದಿಕೆಯ ಮುಂದೆ ಮೊಣಕಾಲೂರುವರು. ವಿಧಿಯು ಮುಂದುವರಿಯುವಷ್ಟರಲ್ಲಿ ದೃಶ್ಯವು ಮುಗಿಯುವುದು. ಪ್ರೇಕ್ಷಕನು ನಗುವನು, ನಕ್ಕುದಕ್ಕೆ ಮರುಕ್ಷಣವೇ ಮರುಗುವನು. ಏಕೆಂದರೆ ಇವರು ಎಷ್ಟು ಎಳೆಯರೆಂಬುದು ಆ ನಗೆಯಲ್ಲಿಯೇ ಅವನಿಗೆ ತಿಳಿದುಬಿಟ್ಟಿದೆ. ಲಾರೆನ್ಸನ ಅವಸರಕ್ಕೆ ನಾಟಕದಲ್ಲಿ ಒಂದೇ ಮಾತಿನ ಆಧಾರವಿತ್ತು. ಆ ಒಂದು ಮಾತನ್ನು ಚಿತ್ರಕಾರನು ಅಭಿನಯವಾಗಿ ಬಿಡಿಸಿರುವನು. ಯವನಿಕೆಯನ್ನು ತೆಗೆದರೂ ಮರೆಯು ಉಳಿಯಿತು. ಇದನ್ನು ಔಚಿತ್ಯವೆನ್ನಬೇಕು.

ಬಾಜ್ ಲೂರ್ಮನ್ ಎಂಬಾತನ ೧೯೯೬ರ ಚಿತ್ರವು ಕಥೆಯನ್ನು ಇಂದಿನ ಕಾಲಕ್ಕೆ ತಂದು, ಕತ್ತಿಯ ಬದಲು ಪಿಸ್ತೂಲನ್ನು ಕೊಟ್ಟು, 'ವೆರೋನಾ ಬೀಚ್' ಎಂಬ ಕಲ್ಪಿತ ನಗರದಲ್ಲಿ ನಡೆಸುವುದು. ಲಿಯೊನಾರ್ಡೊ ಡಿಕಾಪ್ರಿಯೋ, ಕ್ಲೇರ್ ಡೇನ್ಸ್ ಇವರ ವಿವಾಹವು ವಿಶಾಲವಾದ ದೇವಾಲಯದಲ್ಲಿ ನಡೆಯುವುದು. ಬಾಲಕರ ಗಾಯನವೃಂದವು ಹೊಸಕಾಲದ ನೃತ್ಯಗೀತೆಯೊಂದನ್ನು ಭಜನೆಯಂತೆ ಹಾಡುವುದು. ಇಲ್ಲಿ ಏಕಾಂತವು ಹೋಯಿತೆಂದೇ ಮೊದಲ ನೋಟಕ್ಕೆ ತೋರುವುದು. ಗಾನವು ಇಂಪಾಗಿರುವಷ್ಟೂ ಪ್ರೇಕ್ಷಕನು ಆಹ್ವಾನಿತನಾಗುವನು. ಇಷ್ಟು ಬೆಳಕು, ಇಷ್ಟು ಹಾಡು ಇದ್ದ ಮದುವೆಯನ್ನು ಊರಿಗೆ ತಿಳಿಯದಂತೆ ಹೇಗೆ ಮುಚ್ಚಿಟ್ಟರೆಂಬ ಶಂಕೆಯೂ ಹುಟ್ಟುವುದು. ಆದರೆ ಚಿತ್ರದ ಕೊನೆಯನ್ನು ನೋಡಿದವರು ಈ ದೋಷವನ್ನು ಅರ್ಧ ಮನ್ನಿಸುವರು. ಜೂಲಿಯೆಟ್ಟಳ ದೇಹವು ದೇವಾಲಯದಲ್ಲಿಯೇ, ಅಸಂಖ್ಯಾತ ದೀಪಗಳ ನಡುವೆ ಮಲಗಿರುವುದು. ಹೂವೂ ಶಿಲುಬೆಗಳೂ ಸಾಲಾಗಿ ನಿಂತ ನಡುದಾರಿಯಲ್ಲಿ ರೋಮಿಯೋ ಒಬ್ಬನೇ ನಡೆದುಬರುವನು. ಮದುವೆಯ ಹೂವು ಶವಕ್ಕೆ ಸಂದಿತೆಂಬ ತಂದೆಯ ಅಳಲನ್ನು ಚಿತ್ರಕಾರನು ಹೀಗೆ ಕಣ್ಣಿಗೆ ಕಟ್ಟಿಸಿರುವನು. ಆದರೂ ನಾಟಕದಲ್ಲಿ ಸುಳ್ಳು ಮದುವೆಗೆ ಸಂದಿದ್ದ ಸಂಭ್ರಮವನ್ನು ಇಲ್ಲಿ ನಿಜವಾದ ಮದುವೆಗೇ ಕೊಟ್ಟುಬಿಟ್ಟುದರಿಂದ ಮೇಲೆ ಹೇಳಿದ ವೈಷಮ್ಯವು ಅಳಿದುಹೋಯಿತು. ಅಡಿಗೆಮನೆಯ ಗಡಿಬಿಡಿಗೂ ವಾದ್ಯಗಾರರಿಗೂ ಈ ಎರಡು ಚಿತ್ರಗಳಲ್ಲಿಯೂ ಎಡೆಯಿಲ್ಲ. ಇದ್ದ ದೃಶ್ಯವನ್ನು ಬಿಟ್ಟು ಇಲ್ಲದ ದೃಶ್ಯವನ್ನು ಕಟ್ಟುವುದು ವಿಚಿತ್ರವಾದ ವ್ಯಾಪಾರವಲ್ಲವೆ?

ಇದೇ ಕಥೆಯು ನ್ಯೂಯಾರ್ಕ್ ನಗರದ ಬಡ ಕೇರಿಗಳಿಗೆ ಬಂದು 'ವೆಸ್ಟ್ ಸೈಡ್ ಸ್ಟೋರಿ' ಎಂಬ ಗೀತನಾಟಕವಾಯಿತು. ಅದು ೧೯೫೭ರಲ್ಲಿ ರಂಗವನ್ನೇರಿತು; ರಾಬರ್ಟ್ ವೈಸ್, ಜೆರೋಮ್ ರಾಬಿನ್ಸ್ ಎಂಬಿಬ್ಬರು ೧೯೬೧ರಲ್ಲಿ ಅದನ್ನು ಚಿತ್ರವಾಗಿ ಮಾಡಿದರು. ಇದರಲ್ಲಿ ಸಂನ್ಯಾಸಿಯೂ ಇಲ್ಲ, ದೇವಾಲಯವೂ ಇಲ್ಲ. ಮರಿಯಾ ಎಂಬ ಹುಡುಗಿಯು ಮದುವೆಯ ಉಡುಪುಗಳನ್ನು ಹೊಲಿಯುವ ಅಂಗಡಿಯಲ್ಲಿ ಕೆಲಸಮಾಡುವವಳು. ಬಾಗಿಲು ಮುಚ್ಚಿದ ಮೇಲೆ ಟೋನಿಯು ಅಲ್ಲಿಗೆ ಬರುವನು. ಉಡುಪು ತೊಡಿಸಲು ಇಟ್ಟ ಬೊಂಬೆಗಳನ್ನೇ ತಂದೆತಾಯಿಗಳೆಂದೂ ಬಂಧುಗಳೆಂದೂ ಕಲ್ಪಿಸಿಕೊಂಡು ಇಬ್ಬರೂ ಮಕ್ಕಳಂತೆ ಮದುವೆಯ ಆಟವನ್ನಾಡುವರು. ಆಡುತ್ತಾಡುತ್ತ ಆಟವು ನಿಜವಾಗುವುದು. ನಗೆಯು ನಿಂತು, ಮೊಣಕಾಲೂರಿ, ಒಬ್ಬರಿಗೊಬ್ಬರು ವಚನವನ್ನು ಕೊಡುವರು. ಮಾತನಾಡದ ಬೊಂಬೆಗಳ ಹೊರತು ಅದಕ್ಕೆ ಬೇರೆ ಸಾಕ್ಷಿಯಿಲ್ಲ. ಕನ್ಯಾವರರ ಪರಸ್ಪರ ಇಚ್ಛೆಯಿಂದ ಆದ ಕೂಟವು ಗಾಂಧರ್ವವೆಂದು ಮನುವು ಹೇಳಿದ ಲಕ್ಷಣವು ಇಲ್ಲಿ ಅಕ್ಷರಶಃ ಸಲ್ಲುವುದು. ಬಂಧುಗಳು ಇಲ್ಲದಿರುವುದನ್ನು ಬೊಂಬೆಗಳಿಂದ ತೋರಿಸಿದುದು ಬಂಧುಗಳನ್ನೇ ತೋರಿಸಿದುದಕ್ಕಿಂತ ಹೆಚ್ಚು ಮರುಕವನ್ನು ತರುವುದು. ಸ್ಟೀವನ್ ಸ್ಪೀಲ್ಬರ್ಗನು ೨೦೨೧ರಲ್ಲಿ ಇದನ್ನೇ ಮತ್ತೆ ಚಿತ್ರಿಸಿದಾಗ ವಚನದಾನವನ್ನು 'ಕ್ಲಾಯ್ಸ್ಟರ್ಸ್' ಎಂಬ ವಸ್ತುಸಂಗ್ರಹಾಲಯದ ಪ್ರಾರ್ಥನಾಮಂದಿರಕ್ಕೆ, ಬಣ್ಣದ ಗಾಜಿನ ಬೆಳಕಿಗೆ ಕೊಂಡೊಯ್ದನು. ದೃಶ್ಯವು ರಮಣೀಯವಾಯಿತು, ಪಾವನವೂ ಆಯಿತು. ಆದರೆ ಆಟವು ತಿಳಿಯದಂತೆ ನಿಜವಾಗುವ ಆ ಕ್ಷಣದ ನಡುಕವು ಬೊಂಬೆಗಳ ಅಂಗಡಿಯಲ್ಲಿಯೇ ಉಳಿದುಹೋಯಿತು.

ಇಷ್ಟರವರೆಗೆ ಹೇಳಿದುದಕ್ಕೆ ಪ್ರತಿಯಾದ ಉದಾಹರಣೆಯೊಂದನ್ನು ಪ್ರಾಮಾಣಿಕನಾದ ವಿಮರ್ಶಕನು ಮುಚ್ಚಿಡಲಾಗದು. ಷೇಕ್ಸ್‌ಪಿಯರನ 'ಗಯ್ಯಾಳಿಯನ್ನು ಪಳಗಿಸಿದುದು' ಎಂಬ ಪ್ರಹಸನದಲ್ಲಿ ಪೆಟ್ರೂಷಿಯೋ ಎಂಬವನು ಹಟಮಾರಿಯಾದ ಕ್ಯಾಥರೀನಳನ್ನು ಮದುವೆಯಾಗುವನು. ಮದುವೆಯು ಮರೆಯಲ್ಲಿ ನಡೆಯುವುದು. ಗ್ರೆಮಿಯೋ ಎಂಬ ಮುದುಕನು ಓಡಿಬಂದು, ವರನು ಪುರೋಹಿತನನ್ನು ಗುದ್ದಿದುದನ್ನೂ, ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯ ತುಣುಕುಗಳನ್ನು ದೇವಾಲಯದ ಸೇವಕನ ಮುಖಕ್ಕೆ ಎರಚಿದುದನ್ನೂ, ದೇವಾಲಯವೆಲ್ಲ ಮಾರ್ದನಿಗೊಡುವಂತೆ ವಧುವನ್ನು ಮುದ್ದಿಟ್ಟುದನ್ನೂ ವರ್ಣಿಸುವನು. ಕೇಳಿದವರು ನಗುವರು. ವಧುವಿನ ವಿಷಯದಲ್ಲಿ ಆ ಮುದುಕನು ಹೇಳುವುದು ಇಷ್ಟೆ: ಅವಳು ನಡುಗುತ್ತಿದ್ದಳು. ಅವಳು ಒಪ್ಪಿದಳೊ ಇಲ್ಲವೊ ಎಂಬುದು ಆ ವರದಿಯಲ್ಲಿ ಇಲ್ಲವೇ ಇಲ್ಲ.

ಜೆಫಿರೆಲ್ಲಿಯು ೧೯೬೭ರಲ್ಲಿ ರಿಚರ್ಡ್ ಬರ್ಟನ್, ಎಲಿಜಬೆತ್ ಟೇಲರ್ ಇವರಿಂದ ಅಭಿನಯಿಸಿಸಿದ ಚಿತ್ರದಲ್ಲಿ ಈ ವರದಿಯನ್ನು ದೃಶ್ಯವಾಗಿ ಮಾಡಿದನು. ಜನರು ಕಿಕ್ಕಿರಿದ ದೇವಾಲಯ, ವರನ ಕೋಡಂಗಿವೇಷ, ಪುರೋಹಿತನ ಪೇಚಾಟ. ವಧುವು ಒಪ್ಪಿಗೆಯನ್ನು ಹೇಳಬೇಕಾದ ಗಳಿಗೆಯಲ್ಲಿ 'ಒಲ್ಲೆ' ಎಂಬ ಮಾತನ್ನು ಆರಂಭಿಸುವಳು. ಅದು ಪೂರ್ತಿಯಾಗುವುದರೊಳಗೆ ವರನು ಮುದ್ದಿನಿಂದ ಅವಳ ಬಾಯನ್ನು ಮುಚ್ಚಿಬಿಡುವನು. ಎಲ್ಲರೂ ಮದುವೆಯಾಯಿತೆಂದು ಜಯಘೋಷ ಮಾಡುವರು. ಮರೆಯಲ್ಲಿದ್ದುದನ್ನು ಹೊರಕ್ಕೆ ತಂದುದರಿಂದ ಇಲ್ಲಿ ಒಂದು ಸತ್ಯವು ಹೊರಬಿತ್ತು. ಶಾಕುಂತಲದಲ್ಲಿ ಯವನಿಕೆಯು ದಂಪತಿಗಳ ಏಕಾಂತವನ್ನು ಕಾಯ್ದಿತು. ಈ ಪ್ರಹಸನದಲ್ಲಿ ಅದು ಒಬ್ಬಳ ನಿರಾಕರಣೆಯನ್ನು ಮುಚ್ಚಿತ್ತು. ಅದನ್ನು ಕಂಡುಹಿಡಿದ ಚಿತ್ರಕಾರನ ಸೂಕ್ಷ್ಮತೆಯು ಶ್ಲಾಘ್ಯವಾದುದು. ಆದರೆ ಕಂಡುದನ್ನು ಅವನು ನಗೆಗೇ ಒಪ್ಪಿಸಿಬಿಟ್ಟನು. ಅರ್ಧಕ್ಕೆ ನಿಂತ ಆ 'ಒಲ್ಲೆ'ಯು ಚಿತ್ರದ ಮುಂದಿನ ಭಾಗದಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡದ ಪ್ರೇಕ್ಷಕರಿಗೂ ಈ ಪ್ರಹಸನದ ಛಾಯೆಯು ೧೯೮೯ರ 'ನಂಜುಂಡಿ ಕಲ್ಯಾಣ'ದ ಮೂಲಕ ಪರಿಚಿತವಾದುದೇ. ಮಂಟಪದಲ್ಲಿ ತಲೆತಗ್ಗಿಸಿ ಕುಳಿತ ಹೆಣ್ಣಿನ ಮೌನವನ್ನು ಒಪ್ಪಿಗೆಯೆಂದು ಎಣಿಸಿ ನಡೆದ ಮದುವೆಗಳು ನಮ್ಮ ಮನೆತನಗಳಲ್ಲಿ ಕಡಮೆಯಾದುವಲ್ಲವಾದುದರಿಂದ, ಈ ನಗೆಯು ನಮ್ಮವರನ್ನು ತುಸು ಚುಚ್ಚಿದರೆ ಒಳ್ಳೆಯದೇ.

ಷೇಕ್ಸ್‌ಪಿಯರನು ವಿವಾಹವನ್ನು ರಂಗದ ಮೇಲೆಯೇ ನಡೆಸತೊಡಗಿದ ನಾಟಕವೂ ಒಂದುಂಟು: 'ಮಚ್ ಅಡೊ ಅಬೌಟ್ ನಥಿಂಗ್'. ಅದರ ನಾಲ್ಕನೆಯ ಅಂಕವು ದೇವಾಲಯದಲ್ಲಿ, ಪುರೋಹಿತ, ತಂದೆ, ರಾಜಪುತ್ರ, ಅತಿಥಿಗಳು ಇವರೆಲ್ಲರ ಎದುರಿಗೆ ಆರಂಭವಾಗುವುದು. ಆದರೆ ಆ ವಿವಾಹವು ಪೂರ್ತಿಯಾಗುವುದಿಲ್ಲ. ಸುಳ್ಳು ಚಾಡಿಯನ್ನು ನಂಬಿದ ಕ್ಲಾಡಿಯೋ ತುಂಬಿದ ಸಭೆಯಲ್ಲಿ ವಧುವಾದ ಹೀರೋಳನ್ನು ಕುಲಟೆಯೆಂದು ಜರೆದು ಬಿಟ್ಟುಹೋಗುವನು. ಹೆತ್ತ ತಂದೆಯೂ ಮಗಳನ್ನು ನಂಬದೆ ಅವಳು ಸತ್ತರೇ ಲೇಸೆನ್ನುವನು. ಮುರಿಯುವುದಕ್ಕಾಗಿಯೇ ಕವಿಯು ವಿವಾಹವನ್ನು ಹೊರಕ್ಕೆ ತಂದನು. ಅವಮಾನಕ್ಕೆ ಸಭೆ ಬೇಕು. ಸಭೆಗೆ ವಿವಾಹ ಬೇಕು. ಕಡೆಗೆ ಎಲ್ಲವೂ ಸರಿಹೋದ ಮೇಲೆ ನಡೆಯುವ ನಿಜವಾದ ಮದುವೆಗಳೋ ಮತ್ತೆ ಮರೆಗೆ ಸಂದಿವೆ: ಮೊದಲು ಕುಣಿತ, ಆಮೇಲೆ ಮದುವೆ ಎಂದು ಬೆನೆಡಿಕ್ ಹೇಳುವನು, ಕುಣಿತದಲ್ಲಿ ನಾಟಕವು ಮುಗಿಯುವುದು.

ಕೆನೆತ್ ಬ್ರಾನಾ ೧೯೯೩ರಲ್ಲಿ ಇದನ್ನು ಇಟಲಿಯ ಟಸ್ಕನಿ ಪ್ರಾಂತದಲ್ಲಿ ಚಿತ್ರೀಕರಿಸಿದನು. ವಿವಾಹವು ತೋಟದ ನಡುವೆ ಬಯಲಿನಲ್ಲಿ, ತುಂಬಿದ ಬಿಸಿಲಿನಲ್ಲಿ ಏರ್ಪಡುವುದು. ಕ್ಲಾಡಿಯೋ ಹುಡುಗಿಯನ್ನು ನೆಲಕ್ಕೆ ತಳ್ಳಿ, ಆಸನಗಳನ್ನು ಉರುಳಿಸುತ್ತ ನಡೆಯುವನು. ಮಾತಿನ ಕ್ರೌರ್ಯಕ್ಕೆ ಕೈಯ ಕ್ರೌರ್ಯವು ಸೇರಿದುದು ಅತಿಯೆಂದು ಕೆಲವರಿಗೆ ತೋರಬಹುದು. ಆದರೂ ಸಿಂಗರಿಸಿದ ಮಂಟಪವು ಕಣ್ಣೆದುರಿಗೇ ಕೆಡುವಾಗ, ಅಲಂಕಾರವು ಇಷ್ಟು ಹೊತ್ತು ಇದ್ದುದು ಇದಕ್ಕಾಗಿಯೇ ಎಂದು ಪ್ರೇಕ್ಷಕನು ತಿಳಿಯುವನು. ಚಿತ್ರದ ವೈಭವವು ನಾಟಕದ ಉದ್ದೇಶಕ್ಕೆ ಇಲ್ಲಿ ದಾಸನಾಗಿದೆ. ಕೊನೆಯ ಕುಣಿತದಲ್ಲಿ ಎಲ್ಲರೂ ತೋಟದೊಳಗೆಲ್ಲ ಹಬ್ಬಿ ಹರಿಯುತ್ತಿರಲು ಚಿತ್ರಯಂತ್ರವು ಮೇಲಕ್ಕೇರಿ ದೂರವಾಗುವುದು. ಮುಂದಿನ ಮದುವೆಯನ್ನು ಚಿತ್ರಕಾರನೂ ತೋರಿಸಲಿಲ್ಲ. ಹೀರೋಳ ಮೇಲೆ ಅಪವಾದ ಹುಟ್ಟಿಸಿದ ಕಿಟಕಿಯ ಮೋಸವನ್ನು ಮಾತ್ರ ಅವನು ತೋರಿಸಿಬಿಟ್ಟಿರುವನು. ನಾಟಕದಲ್ಲಿ ಅದು ಬರಿಯ ಮಾತಿನಲ್ಲಿಯೇ ಇದೆ. ಕ್ಲಾಡಿಯೋ ಕಣ್ಣಾರೆ ಕಂಡು ಮೋಸಹೋದನೆಂಬುದನ್ನು ನಾವೂ ಕಂಡರೆ ಅವನ ಅಪರಾಧವು ಹಗುರವಾಗುವುದು. ಕವಿಯು ಅವನಿಗೆ ಅಷ್ಟು ಅನುಕೂಲವನ್ನು ಮಾಡಿಕೊಟ್ಟಿರಲಿಲ್ಲ.

ನಮ್ಮ ದೇಶದಲ್ಲಿ ಗಿರಿಜಾಕಲ್ಯಾಣ, ಸುಭದ್ರಾಕಲ್ಯಾಣ, ರುಕ್ಮಿಣೀಕಲ್ಯಾಣಗಳನ್ನು ಆಡಿ, ಕೊನೆಗೆ ಮಂಗಳಾರತಿಯನ್ನು ಎತ್ತುವ ಸಂಪ್ರದಾಯವಿಲ್ಲವೆ, ಅಲ್ಲಿ ವಿವಾಹವನ್ನು ತೋರಿಸಿದರೆ ದೋಷವೆ ಎಂದು ವಾಚಕರು ಕೇಳಬಹುದು. ದೋಷವಿಲ್ಲ. ಅಲ್ಲಿಯ ಪ್ರೇಕ್ಷಕನು ದೇವರ ಮದುವೆಗೆ ಬಂದ ನಂಟನಾಗಿಯೇ ಕುಳಿತಿರುವನು. ಮಂಗಳವೇ ಆ ಆಟದ ಫಲ, ವಿವಾಹದಿಂದಾಚೆಗೆ ಅದಕ್ಕೆ ಕಥೆಯಿಲ್ಲ. ಶಾಕುಂತಲದಲ್ಲಿಯೂ ರೋಮಿಯೋ ನಾಟಕದಲ್ಲಿಯೂ ಕಥೆಯು ವಿವಾಹದಿಂದಲೇ ಆಪತ್ತಿಗೆ ತಿರುಗುವುದು. ಎರಡು ಬಗೆಯ ಕೃತಿಗಳಿಗೆ ಒಂದೇ ಮಂಟಪವನ್ನು ಹಾಕುವವರಿಗೆ ಔಚಿತ್ಯಜ್ಞಾನವು ಸಾಲದೆಂದು ಹೇಳಬೇಕಾಗುವುದು.

ಶಕುಂತಲೆಯ ಕಥೆಯನ್ನು ನಮ್ಮ ಚಿತ್ರಕಾರರು ಮತ್ತೆ ಮತ್ತೆ ಕೈಗೆತ್ತಿಕೊಂಡಿರುವರು. ೧೯೪೦ರಲ್ಲಿ ತಮಿಳಿನಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರೂ, ೧೯೪೩ರಲ್ಲಿ ಶಾಂತಾರಾಮರ ಹಿಂದೀ ಚಿತ್ರದಲ್ಲಿ ಜಯಶ್ರೀ ಚಂದ್ರಮೋಹನರೂ ಶಕುಂತಲಾ ದುಷ್ಯಂತರಾದರು. ೧೯೬೧ರಲ್ಲಿ ಶಾಂತಾರಾಮರೇ 'ಸ್ತ್ರೀ' ಎಂಬ ಹೆಸರಿನಿಂದ ಕಥೆಯನ್ನು ಮತ್ತೊಮ್ಮೆ ತೆಗೆದರು. ತೆಲುಗಿನಲ್ಲಿ ೧೯೬೬ರಲ್ಲಿ ಒಂದು, ೨೦೨೩ರಲ್ಲಿ ಇನ್ನೊಂದು ಬಂದುವು. ಇನ್ನು ಮುಂದೆಯೂ ಬರುವುವೆಂಬುದರಲ್ಲಿ ಸಂದೇಹವಿಲ್ಲ. ಕೈಯಲ್ಲಿ ಹಣವೂ ಯಂತ್ರವೂ ಇರುವವನಿಗೆ ಲತಾಮಂಟಪದಲ್ಲಿ ಹೂಮಳೆಯನ್ನು ಕರೆಯಿಸಿ, ಗಂಧರ್ವರಿಂದ ಹಾಡಿಸಿ, ಹಾರಗಳನ್ನು ಬದಲಾಯಿಸಿ ತೋರಿಸಬೇಕೆಂಬ ಆಸೆಯು ಹುಟ್ಟುವುದು ಸಹಜ. ಆ ಆಸೆಯನ್ನು ಅಡಗಿಸಬಲ್ಲವನೇ ಐದನೆಯ ಅಂಕವನ್ನು ಸರಿಯಾಗಿ ಚಿತ್ರಿಸಬಲ್ಲನು. ಹೂಮಳೆಯನ್ನು ಕಂಡ ಪ್ರೇಕ್ಷಕನು ರಾಜಸಭೆಯಲ್ಲಿ ಅರಸನ ಮರೆವಿಗಾಗಿ ಬೇಸರಪಡುವನು, ಶಾಪವು ಯಾವಾಗ ಕಳೆಯುವುದೆಂದು ಕಾಯುವನು, ಅಷ್ಟೆ. ಏನನ್ನೂ ಕಾಣದೆ ಅನಸೂಯೆಯ ಎರಡು ಮಾತಿನಿಂದಲೇ ಮದುವೆಯನ್ನು ನಂಬಿದ ಪ್ರೇಕ್ಷಕನು ಶಕುಂತಲೆಯ ಪಕ್ಕದಲ್ಲಿಯೇ ನಿಂತಿರುವನು; ಅವಳ ಮಾತೊಂದರ ಹೊರತು ಅವನಿಗೂ ಬೇರೆ ಆಧಾರವಿಲ್ಲ. ಆ ಮಾತನ್ನು ನಂಬುವೆಯಾ ಎಂದು ಕವಿಯು ಅರಸನನ್ನು ಮಾತ್ರವಲ್ಲ, ಸಭೆಯಲ್ಲಿ ಕುಳಿತ ಪ್ರತಿಯೊಬ್ಬನನ್ನೂ ಕೇಳುತ್ತಿರುವನು.

ಚಿತ್ರಕಾರರು ಹಣವನ್ನು ವೆಚ್ಚಮಾಡುವುದಾದರೆ ಕಣ್ವಾಶ್ರಮದ ಬೀಳ್ಕೊಡುಗೆಗೆ ಮಾಡಲಿ. ಮರಗಳು ಕೊಟ್ಟ ಸೀರೆಯನ್ನು ಉಡಿಸಲಿ, ಅಲತಿಗೆಯನ್ನು ಹಚ್ಚಲಿ, ಜಿಂಕೆಯ ಮರಿಯು ಸೆರಗನ್ನು ಎಳೆಯಲಿ, ಸಾಕಿದ ತಂದೆಯ ಗಂಟಲು ಬಿಗಿಯಲಿ. ಮಗಳನ್ನು ಕಳುಹಿದ ಮನೆಯವರಾರೂ ಆಗ ಕಣ್ಣೊರಸಿಕೊಳ್ಳದೆ ಇರಲಾರರು. ಲತಾಮಂಟಪವನ್ನು ಮಾತ್ರ ಕಾಳಿದಾಸನು ಬಿಟ್ಟ ಹಾಗೆಯೇ ಬಿಡಲಿ.